ಜನ ಕೂರುವ ಹುಲ್ಲಿಗೆ ಔಷಧಿ ಹೊಡೆಯುವ ಮುನ್ನ: ಲಾನ್ ನಿರ್ವಾಹಕರಿಗೆ ಒಂದು ಕೈಪಿಡಿ

ಲಾನ್ ಒಂದು ಬೆಳೆಯಲ್ಲ. ಅದರ ಮೇಲೆ ಕೀಟನಾಶಕ ಅಥವಾ ಕಳೆನಾಶಕ ಬಳಸುವ ತೀರ್ಮಾನಕ್ಕೆ ಹೊಲದ ಲೆಕ್ಕ ಹೊಂದುವುದಿಲ್ಲ. ರಾಗಿ ಹೊಲದಲ್ಲಿ ಕಳೆ ಹೆಚ್ಚಿದರೆ ಇಳುವರಿ ಇಳಿಯುತ್ತದೆ, ಆ ನಷ್ಟವನ್ನು ಔಷಧಿಯ ಖರ್ಚಿನೊಡನೆ ತೂಗಿ ನೋಡಲು ಬರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರ ಹುಲ್ಲಿನಲ್ಲಿ ನಾಲ್ಕು ಕಡೆ ಒಂದೆಲಗ ಹಬ್ಬಿದರೆ ಯಾರ ಅನ್ನಕ್ಕೂ ಕುತ್ತಿಲ್ಲ. ಆದರೆ ಅದೇ ಹುಲ್ಲಿನ ಮೇಲೆ ಸಂಜೆ ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ, ಬೆಳಿಗ್ಗೆ ಹಿರಿಯರು ಚಾಪೆ ಹಾಸಿ ಪ್ರಾಣಾಯಾಮಕ್ಕೆ ಕೂರುತ್ತಾರೆ, ಸಾಕುನಾಯಿಗಳು ಹೊಟ್ಟೆ ಕೆಟ್ಟಾಗ ಎಲೆಗಳನ್ನು ಮೇಯುತ್ತವೆ. ಸಿಂಪಡಣೆಯಿಂದ ಸಿಗುವ ಲಾಭ ಇಲ್ಲಿ ಹೊಲಕ್ಕಿಂತ ಕಡಿಮೆ, ತಗಲುವ ಮೈಗಳು ಹೊಲಕ್ಕಿಂತ ಹೆಚ್ಚು. ಲಾನ್ ನಿರ್ವಹಣೆಯನ್ನು ಗುತ್ತಿಗೆಗೆ ಹಿಡಿದವರು, ಅವರ ಸೂಪರ್‌ವೈಸರ್‌ಗಳು ಮತ್ತು ಪಂಪನ್ನು ಬೆನ್ನಿಗೇರಿಸುವ ಮಾಲಿಗಳು ಈ ಕೈಪಿಡಿಯನ್ನು ಆ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ಓದಬೇಕು.

ನಮ್ಮ ನಗರಗಳ ಲಾನ್‌ಗಳಲ್ಲಿ ವಿಷ ಮನುಷ್ಯರನ್ನೂ ಪ್ರಾಣಿಗಳನ್ನೂ ತಲುಪುವ ದಾರಿಗಳು ಪರದೇಶದ ಕೈಪಿಡಿಗಳಲ್ಲಿ ಸಿಗುವುದಿಲ್ಲ. ಒಂದೆಲಗವನ್ನು ತಂಬುಳಿಗೆಂದು, ತೇವದ ಅಂಚಿನಲ್ಲಿ ಬೆಳೆದ ಹೊನಗೊನ್ನೆಯನ್ನು ಪಲ್ಯಕ್ಕೆಂದು ಕಿತ್ತುಕೊಂಡು ಹೋಗುವವರು ಪ್ರತಿ ಸಮುಚ್ಚಯದಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಗಣೇಶ ಚೌತಿಯ ಹಿಂದಿನ ದಿನ ಗರಿಕೆಗಾಗಿ ಲಾನ್‌ಗೆ ಬರುವವರ ಸಂಖ್ಯೆ ಇನ್ನೂ ದೊಡ್ಡದು. ಕತ್ತರಿಸಿದ ಹುಲ್ಲನ್ನು ಮೂಟೆ ಕಟ್ಟಿ ಹತ್ತಿರದ ಹಸುಗಳ ಕೊಟ್ಟಿಗೆಗೆ ಕಳುಹಿಸುವ ರೂಢಿ ಹಲವು ಕಡೆ ಇದೆ, ಹಾಗೆ ಹೋದ ಹುಲ್ಲಿನ ಜೊತೆಗೆ ನಿನ್ನೆ ಸಿಂಪಡಿಸಿದ್ದೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಒಡ್ಡಿಕೊಳ್ಳುವವರು ಕಳೆ ಕೀಳಲು ಬರುವ ಹೆಂಗಸರು. ಅವರು ದಿನವಿಡೀ ಹುಲ್ಲಿನ ಮೇಲೆ ಕುಳಿತೇ ಕೆಲಸ ಮಾಡುತ್ತಾರೆ, ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚುತ್ತಾರೆ.

ಕೆಟ್ಟದ್ದು ಹುಲ್ಲೋ, ಮಣ್ಣೋ, ನೆರಳೋ

ಹುಲ್ಲು ಹಳದಿಯಾಗಿದೆ ಎಂದು ದೂರು ಬಂದಾಗ ಅಂಗಡಿಗೆ ಹೋಗುವ ಮೊದಲು ಮಂಡಿಯೂರಿ ಕುಳಿತು ನೋಡಬೇಕು. ಬಹುಪಾಲು ಲಾನ್‌ಗಳು ಹುಳುವಿನಿಂದ ಕೆಡುವುದಿಲ್ಲ. ನೆರಳಿನಿಂದ, ಅತಿಯಾದ ನೀರಿನಿಂದ, ತೀರ ತಗ್ಗಾಗಿ ಕತ್ತರಿಸುವುದರಿಂದ, ತುಳಿತಕ್ಕೆ ಗಟ್ಟಿಯಾದ ಮಣ್ಣಿನಿಂದ ಕೆಡುತ್ತವೆ. ಗರಿಕೆ ಜಾತಿಯ ಹುಲ್ಲಿಗೆ ದಿನದ ಹೆಚ್ಚಿನ ಹೊತ್ತು ನೇರ ಬಿಸಿಲು ಬೇಕು, ಮೆಕ್ಸಿಕನ್ ಹುಲ್ಲು ಸ್ವಲ್ಪ ನೆರಳನ್ನು ತಾಳುತ್ತದೆ. ಎರಡು ಎತ್ತರದ ಗೋಪುರಗಳ ನಡುವೆ ದಿನಕ್ಕೆ ಎರಡು ಗಂಟೆ ಬಿಸಿಲು ಬೀಳುವ ಜಾಗದಲ್ಲಿ ಎರಡೂ ಸೊರಗುತ್ತವೆ. ತೆರವಾದ ಜಾಗವನ್ನು ಪಾಚಿಯೂ ಅಗಲ ಎಲೆಯ ಕಳೆಗಳೂ ತುಂಬುತ್ತವೆ. ಅಲ್ಲಿ ಕಳೆನಾಶಕ ಹೊಡೆದರೆ ಬರೀ ಮಣ್ಣು ಉಳಿಯುತ್ತದೆಯೇ ಹೊರತು ಹುಲ್ಲು ಬರುವುದಿಲ್ಲ. ನೆರಳಿಗೆ ಒಗ್ಗುವ ಗಿಡಗಳನ್ನು ನೆಡಿ ಅಥವಾ ಕಲ್ಲು ಹಾಸಿ ಎಂದು ಮಾಲೀಕರಿಗೆ ಹೇಳುವುದು ಗುತ್ತಿಗೆದಾರನಿಗೆ ಕಷ್ಟವಾದರೂ ಸರಿಯಾದ ಸಲಹೆ ಅದೇ.

ನೆಲಮಾಳಿಗೆಯ ಪಾರ್ಕಿಂಗ್ ಮೇಲಿನ ಕಾಂಕ್ರೀಟಿನ ಮೇಲೆ ಬೆಳೆಸಿದ ಲಾನ್‌ಗಳದ್ದು ಬೇರೆ ಕಥೆ. ಅಲ್ಲಿ ಮಣ್ಣಿನ ಆಳ ಕಡಿಮೆ, ಬೇಸಿಗೆಯಲ್ಲಿ ಬೇಗ ಕಾಯುತ್ತದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಸಮುಚ್ಚಯದ ಕೊಳಚೆ ಸಂಸ್ಕರಣಾ ಘಟಕದ ನೀರನ್ನೇ ವರ್ಷಗಟ್ಟಲೆ ಹರಿಸಿದ್ದರೆ ಉಪ್ಪು ಸೇರಿ ಎಲೆತುದಿ ಸುಡುತ್ತದೆ, ಅದು ನೋಡುವುದಕ್ಕೆ ಶಿಲೀಂಧ್ರ ರೋಗದಂತೆಯೇ ಇರುತ್ತದೆ. ಮಣ್ಣಿನ ಉಪ್ಪಿನಂಶವನ್ನು ಒಮ್ಮೆ ಪರೀಕ್ಷಿಸಿದರೆ ಎಷ್ಟೋ ಡಬ್ಬಿ ಶಿಲೀಂಧ್ರನಾಶಕ ಉಳಿಯುತ್ತದೆ.

ಕತ್ತರಿಸುವ ಎತ್ತರ ಇನ್ನೊಂದು ಮುಖ್ಯ ಸಂಗತಿ. ಒಂದು ಬಾರಿಗೆ ಎಲೆಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹದಿನೈದು ದಿನ ಬಿಟ್ಟು ಬಂದು ಬುಡದವರೆಗೆ ಬೋಳಿಸುವ ಪದ್ಧತಿಯಿಂದ ಹುಲ್ಲು ಬೇರಿನಲ್ಲಿ ಕೂಡಿಟ್ಟ ಶಕ್ತಿಯನ್ನು ಮತ್ತೆ ಮತ್ತೆ ಖರ್ಚು ಮಾಡಬೇಕಾಗುತ್ತದೆ, ಮಣ್ಣಿಗೆ ಬೆಳಕು ಬಿದ್ದು ಕಳೆಬೀಜಗಳು ಮೊಳೆಯುತ್ತವೆ. ಅನೇಕ ಕಳೆಗಳನ್ನು ನಾವೇ ದುಡ್ಡು ಕೊಟ್ಟು ತರಿಸುತ್ತೇವೆ ಎಂಬುದನ್ನೂ ಇಲ್ಲಿ ಹೇಳಬೇಕು: ಲಾನ್ ಮೇಲೆ ಹರಡಲು ತರಿಸುವ ಕೆಂಪುಮಣ್ಣಿನಲ್ಲಿ ಜೇಕಿನ ಗಡ್ಡೆಗಳೂ, ಸರಿಯಾಗಿ ಕೊಳೆಯದ ಕೊಟ್ಟಿಗೆ ಗೊಬ್ಬರದಲ್ಲಿ ಕಳೆಬೀಜಗಳೂ ಗೊಣ್ಣೆಹುಳುಗಳೂ ಲಾರಿಯಲ್ಲೇ ಬಂದಿಳಿಯುತ್ತವೆ. ಲೋಡನ್ನು ಇಳಿಸುವ ಮುನ್ನ ಒಂದು ಬುಟ್ಟಿ ಮಣ್ಣನ್ನು ಜರಡಿ ಹಿಡಿದು ನೋಡಿ, ಗಡ್ಡೆ ಕಂಡರೆ ವಾಪಸು ಕಳುಹಿಸಿ. ಜೇಕು ಒಮ್ಮೆ ನೆಲೆಯೂರಿದರೆ ಯಾವ ಔಷಧಿಯೂ ಒಂದೇ ಸಲಕ್ಕೆ ಅದನ್ನು ತೆಗೆಯದು.

ಹುಳುವಿನ ಸಂಶಯವಿದ್ದರೆ ಎರಡು ಪರೀಕ್ಷೆಗಳು ಸಾಕು. ಎಲೆ ತಿನ್ನುವ ಹುಳುಗಳಿಗಾಗಿ, ಒಂದು ಚದರ ಮೀಟರ್ ಜಾಗಕ್ಕೆ ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಎರಡು ಚಮಚ ಬೆರೆಸಿದ ಒಂದು ಸಣ್ಣ ಬಕೆಟ್ ನೀರು ಸುರಿದು ಹತ್ತು ನಿಮಿಷ ಕಾಯಬೇಕು. ಹುಳುಗಳಿದ್ದರೆ ಮೇಲೆ ಬರುತ್ತವೆ. ಬೇರು ತಿನ್ನುವ ಗೊಣ್ಣೆಹುಳು ಹಾಗೆ ಮೇಲೆ ಬರುವುದಿಲ್ಲ. ಒಣಗಿದ ಮತ್ತು ಹಸಿರಾದ ಜಾಗಗಳ ಗಡಿಯಲ್ಲಿ ಒಂದು ಚದರ ಅಡಿ ಹುಲ್ಲನ್ನು ಮೂರು ಬದಿ ಸೀಳಿ ಎತ್ತಿ ಎಣಿಸಬೇಕು. ಬೇರು ಕಡಿದುಹೋಗಿದ್ದರೆ ಹುಲ್ಲು ಚಾಪೆಯ ಹಾಗೆ ಸುತ್ತಿಕೊಂಡು ಮೇಲೇಳುತ್ತದೆ. ಒಂದೆರಡು ಹುಳು ಸಿಕ್ಕಿದ ಮಾತ್ರಕ್ಕೆ ಏನನ್ನೂ ಮಾಡಬೇಕಿಲ್ಲ, ಆರೋಗ್ಯವಾಗಿರುವ ಹುಲ್ಲು ಅಷ್ಟನ್ನು ತಾಳಿಕೊಳ್ಳುತ್ತದೆ. ಮಳೆಯ ನಂತರ ಎರೆಹುಳು ಎಬ್ಬಿಸುವ ಮಣ್ಣಿನ ಗುಳ್ಳೆಗಳನ್ನು ತೋರಿಸಿ ಔಷಧಿ ಹಾಕಿ ಎನ್ನುವ ನಿವಾಸಿಗಳೂ ಇದ್ದಾರೆ. ಅವರಿಗೆ ಸಮಾಧಾನದಿಂದ ಇಲ್ಲ ಎನ್ನಬೇಕು. ಗುಳ್ಳೆ ಒಣಗಿದ ಮೇಲೆ ಪೊರಕೆಯಾಡಿಸಿದರೆ ಆಯಿತು.

ಗೊಣ್ಣೆಹುಳುವಿನ ವಿಷಯದಲ್ಲಿ ಕಾಲವೇ ಮುಖ್ಯ. ಏಪ್ರಿಲ್, ಮೇ ತಿಂಗಳ ಮೊದಲ ಒಳ್ಳೆಯ ಮಳೆಯ ನಂತರ, ಈ ಹುಳುಗಳೇ ಬೆಳೆದು ಆದ ದುಂಬಿಗಳು ಮಣ್ಣಿನಿಂದ ಹೊರಬಂದು ಮುಸ್ಸಂಜೆಯ ಹೊತ್ತಿಗೆ ಬೇವು ಮುಂತಾದ ಮರಗಳಿಗೆ ಮುತ್ತುತ್ತವೆ. ಆ ಕೆಲವು ಸಂಜೆಗಳಲ್ಲಿ ಕೊಂಬೆ ಅಲುಗಾಡಿಸಿ ಉದುರಿದ ದುಂಬಿಗಳನ್ನು ಆರಿಸುವುದು, ದೀಪದ ಬಲೆ ಇಡುವುದು ಹಲವು ತಿಂಗಳ ನಂತರದ ಸಿಂಪಡಣೆಗಿಂತ ಹೆಚ್ಚು ಫಲ ಕೊಡುತ್ತದೆ. ಮರಿಹುಳುಗಳು ಚಿಕ್ಕದಾಗಿರುವ ಜೂನ್, ಜುಲೈ ತಿಂಗಳಲ್ಲಿ ಹುಳುಗಳಿಗೆ ರೋಗ ತರುವ ಮೆಟರೈಝಿಯಂ ಶಿಲೀಂಧ್ರವನ್ನು ಚೆನ್ನಾಗಿ ಕಳಿತ ಗೊಬ್ಬರದೊಡನೆ ಬೆರೆಸಿ ಹಾಕಬಹುದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅಭಿವೃದ್ಧಿಪಡಿಸಿದ, ಹುಳುಗಳನ್ನು ಕೊಲ್ಲುವ ಜಂತುಗಳ ಪುಡಿಯೂ ಇದೇ ಕಾಲಕ್ಕೆ ಉಪಯುಕ್ತ. ಎರಡೂ ಜೀವಂತ ವಸ್ತುಗಳಾದ್ದರಿಂದ ಸಂಜೆ ಹೊತ್ತು, ಒದ್ದೆ ಮಣ್ಣಿಗೆ ಹಾಕಬೇಕು. ಶಿಲೀಂಧ್ರವನ್ನು ಶಿಲೀಂಧ್ರನಾಶಕದ ಜೊತೆಗೆ ಬೆರೆಸುವುದು ಅದನ್ನು ನಾವೇ ಕೊಂದಂತೆ. ಸೆಪ್ಟೆಂಬರ್ ದಾಟಿ ಹುಳು ಹೆಬ್ಬೆರಳ ಗಾತ್ರವಾದ ಮೇಲೆ ರಾಸಾಯನಿಕವೂ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಈ ಹುಳುವಿಗೆ ಹಿಂದೆ ಮಾಲಿಗಳು ಎರಚುತ್ತಿದ್ದ ಹರಳಿನ ಔಷಧಿ ಫೋರೇಟ್. ಕೇಂದ್ರ ಸರ್ಕಾರದ 2018ರ ಆದೇಶದಂತೆ ಅದರ ಮಾರಾಟ ಮತ್ತು ಬಳಕೆ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಹಳೆಯ ದಾಸ್ತಾನು ಇದೆ, ಬಳಸಿ ಮುಗಿಸೋಣ ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಹಾಗೆ ಮಾಡುವುದು ಅಪರಾಧ, ಅದಕ್ಕಿಂತ ಮಿಗಿಲಾಗಿ ಮಕ್ಕಳು ಆಡುವ ನೆಲದಲ್ಲಿ ಅತ್ಯಂತ ವಿಷಕಾರಿ ಹರಳನ್ನು ಬಿತ್ತಿದಂತೆ.

ಪರವಾನಗಿ ಮತ್ತು ಲೇಬಲ್

ಭಾರತದಲ್ಲಿ ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳೆಲ್ಲವೂ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಅಡಿಯಲ್ಲಿ ಬರುತ್ತವೆ. ಯಾವ ವಸ್ತುವನ್ನು ಯಾವ ಬೆಳೆಗೆ, ಯಾವ ಪ್ರಮಾಣದಲ್ಲಿ ಬಳಸಬಹುದೆಂದು ಕೇಂದ್ರದ ನೋಂದಣಿ ಸಮಿತಿ ನಿಗದಿಪಡಿಸುತ್ತದೆ. ಅನುಮೋದಿತ ಬಳಕೆಗಳ ಮತ್ತು ನಿಷೇಧಿತ ವಸ್ತುಗಳ ಪಟ್ಟಿಯನ್ನು ಫರಿದಾಬಾದಿನಲ್ಲಿರುವ ಸಸ್ಯ ಸಂರಕ್ಷಣಾ ನಿರ್ದೇಶನಾಲಯ ಪ್ರಕಟಿಸುತ್ತದೆ. ಲಾನ್ ವೃತ್ತಿಯವರಿಗೆ ಇಲ್ಲೊಂದು ತೊಡಕಿದೆ. ಲೇಬಲ್‌ಗಳಲ್ಲಿ ಭತ್ತ, ಗೋಧಿ, ಕಬ್ಬು, ಜೋಳದ ಹೆಸರುಗಳಿರುತ್ತವೆ, ಲಾನ್ ಎಂಬ ಹೆಸರು ಅಪರೂಪ. ಕಬ್ಬಿಗೆ ಒಪ್ಪಿದ ಪ್ರಮಾಣವನ್ನು ಹಾಗೆಯೇ ತಂದು ಹುಲ್ಲಿಗೆ ಸುರಿಯುವುದು ಸರಿಯಲ್ಲ. ಬಳಸಬೇಕೆಂದಿರುವ ವಸ್ತುವಿಗೆ ಅನುಮೋದನೆ ಇದೆಯೇ ಎಂದು ಕೃಷಿ ಇಲಾಖೆಯ ಅಧಿಕಾರಿಗಳಿಂದ ತಿಳಿದುಕೊಂಡು, ಇಲ್ಲವಾದಲ್ಲಿ ಕೈಯಿಂದ ಕೀಳಿಸುವ ದಾರಿಯನ್ನೇ ಹಿಡಿಯಬೇಕು.

ಹಣ ಪಡೆದು ಕೀಟ ನಿಯಂತ್ರಣ ಮಾಡುವ ಸಂಸ್ಥೆಗೆ ಪರವಾನಗಿ ಬೇಕು. ಅದಕ್ಕಾಗಿ ಅರ್ಜಿ ಹಾಕುವವರು ಕೃಷಿ ಪದವೀಧರರೋ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವೀಧರರೋ ಆಗಿದ್ದು, ನಿಗದಿತ ಸಂಸ್ಥೆಯಲ್ಲಿ ತರಬೇತಿ ಪಡೆದಿರಬೇಕೆಂದು ನಿಯಮ ಹೇಳುತ್ತದೆ. ಆ ಸಂಸ್ಥೆಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಕೂಡ ಒಂದು. ಗ್ಲೈಫೋಸೇಟ್ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಅದನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬೇರಾರೂ ಬಳಸಬಾರದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಕಲ್ಲುಹಾಸಿನ ಸಂದಿಯ ಹುಲ್ಲಿಗೆ ಸ್ವಲ್ಪ ಹೊಡೆಯೋಣ ಎಂದು ಮಾಲಿಯ ಕೈಗೆ ಡಬ್ಬಿ ಕೊಡುವ ಮುನ್ನ ಆ ನಿರ್ಬಂಧದ ಈಗಿನ ಸ್ಥಿತಿಯನ್ನು ಖಚಿತಪಡಿಸಿಕೊಳ್ಳಿ. ಅದು ಆಯ್ಕೆಯಿಲ್ಲದೆ ಎಲ್ಲ ಹಸಿರನ್ನೂ ಕೊಲ್ಲುವ ಕಳೆನಾಶಕವಾದ್ದರಿಂದ ಲಾನ್ ಒಳಗೆ ಅದಕ್ಕೆ ಕೆಲಸವೇ ಇಲ್ಲ. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕವನ್ನಂತೂ ಜನವಸತಿಯ ಆವರಣದೊಳಗೆ ತರಲೇಬಾರದು ಎಂಬುದು ನನ್ನ ನಿಲುವು, ಏಕೆಂದರೆ ಅದು ಹೊಟ್ಟೆಗೆ ಹೋದರೆ ಕೊಡಲು ಪ್ರತ್ಯೌಷಧವಿಲ್ಲ.

ಪ್ರತಿ ಡಬ್ಬಿಯ ಮೇಲೂ ವಜ್ರಾಕಾರದ ಗುರುತೊಂದು ಇರುತ್ತದೆ, ಅದರ ಕೆಳಗಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ತೋರಿಸುತ್ತದೆ: ಕೆಂಪು ಅತಿ ತೀವ್ರ, ಹಳದಿ ಅದರ ನಂತರದ್ದು, ನೀಲಿ ಮಧ್ಯಮ, ಹಸಿರು ಅಲ್ಪ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಕಿಲೋ ದೇಹತೂಕಕ್ಕೆ 50 ಮಿಲಿಗ್ರಾಂ ಒಳಗಿದ್ದರೆ ಕೆಂಪು, 5,000 ಮಿಲಿಗ್ರಾಂ ಮೀರಿದರೆ ಹಸಿರು. ಕೆಂಪು ಮತ್ತು ಹಳದಿ ಗುರುತಿನವನ್ನು ವಸತಿ ಲಾನ್‌ಗೆ ತರದಿರುವುದು ಒಳ್ಳೆಯ ನಿಯಮ. ಆದರೆ ಈ ಬಣ್ಣ ಒಂದೇ ಸಲಕ್ಕೆ ದೇಹ ಸೇರಿದ ವಿಷದ ಮಾತನ್ನಷ್ಟೇ ಹೇಳುತ್ತದೆ. ಮೀನಿಗೆ, ಜೇನುನೊಣಕ್ಕೆ ಏನಾಗುತ್ತದೆ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಸೋಕಿದರೆ ಏನಾಗುತ್ತದೆ ಎಂಬುದಕ್ಕೆ ಒಳಗಿನ ಕರಪತ್ರವನ್ನೇ ಓದಬೇಕು. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೂಡ ಆ ಕಾಲಕ್ಕೆ ನೋಂದಣಿಯಾಗಿದ್ದ ಕೀಟನಾಶಕವೇ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಅನುಮತಿ ಇದೆ ಎಂಬುದನ್ನು ಕನಿಷ್ಠ ಅರ್ಹತೆ ಎಂದಷ್ಟೇ ತಿಳಿಯಬೇಕು.

ಖರೀದಿಯನ್ನು ಪರವಾನಗಿ ಇರುವ ಅಂಗಡಿಯಿಂದ ಬಿಲ್ ಸಮೇತ ಮಾಡಿ, ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಿ. ಜೈವಿಕ ಎಂದು ಬರೆದು ಒಳಗೆ ಏನಿದೆ ಎಂದು ಹೇಳದ ಬಾಟಲಿಗಳನ್ನು ಕೊಳ್ಳಬೇಡಿ. ಒಂದು ಋತುವಿಗೆ ಬೇಕಾದಷ್ಟನ್ನೇ ತಂದರೆ ಉಳಿದದ್ದನ್ನು ಎಲ್ಲಿಡುವುದೆಂಬ ಚಿಂತೆಯೂ ಇರುವುದಿಲ್ಲ.

ಪಂಪಿನ ಲೆಕ್ಕ ಬಿಟ್ಟು ನೆಲದ ಲೆಕ್ಕಕ್ಕೆ ಬನ್ನಿ

ನಮ್ಮಲ್ಲಿ ಔಷಧಿಯ ಪ್ರಮಾಣವನ್ನು ಪಂಪಿಗೆ ಇಷ್ಟು ಮುಚ್ಚಳ ಎಂದು ಹೇಳುವ ರೂಢಿ. ಹೆಚ್ಚು ಪ್ರಮಾಣ ಬೀಳುವುದಕ್ಕೆ ಈ ರೂಢಿಯೇ ಮೂಲ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಒಂದು ಪಂಪು ಎಷ್ಟು ನೆಲಕ್ಕೆ ಸಾಲುತ್ತದೆ ಎಂಬುದು ಹೊಡೆಯುವವನ ನಡಿಗೆ, ನಾಝಲ್ ಮತ್ತು ಒತ್ತಡದ ಮೇಲೆ ನಿಂತಿದೆ. ಇಬ್ಬರು ಮಾಲಿಗಳು ಒಂದೇ ಪಂಪಿನಿಂದ ಒಂದೇ ಲಾನ್‌ಗೆ ಹೊಡೆದರೂ ಒಬ್ಬರದ್ದು ಇನ್ನೊಬ್ಬರ ಎರಡರಷ್ಟು ಆಗಬಹುದು.

ಅಳತೆಯ ಕ್ರಮ ಹೀಗಿದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗವನ್ನು ಹಗ್ಗದಿಂದ ಗುರುತು ಮಾಡಿ. ಪಂಪಿಗೆ ಅಳೆದು ಬರೀ ನೀರು ತುಂಬಿ, ನಿಜವಾದ ಕೆಲಸದಲ್ಲಿ ನಡೆಯುವ ವೇಗದಲ್ಲೇ ನಡೆದು, ಆ 100 ಚದರ ಮೀಟರಿಗೆ ಸಮನಾಗಿ ಹೊಡೆಯಿರಿ. ಉಳಿದ ನೀರನ್ನು ಅಳೆದರೆ ಖರ್ಚಾದದ್ದು ತಿಳಿಯುತ್ತದೆ; ಅದು 5 ಲೀಟರ್ ಎಂದುಕೊಳ್ಳೋಣ. ಈಗ ನಿಮ್ಮ ಲಾನ್ 3,000 ಚದರ ಅಡಿ, ಅಂದರೆ 10.76ರಿಂದ ಭಾಗಿಸಿದಾಗ ಸುಮಾರು 280 ಚದರ ಮೀಟರ್ ಇದ್ದರೆ, ಬೇಕಾಗುವ ನೀರು 14 ಲೀಟರ್. ಲೇಬಲ್‌ನಲ್ಲಿ ಹೆಕ್ಟೇರಿಗೆ 2.5 ಲೀಟರ್ ಎಂದಿದೆ ಎಂದು ಭಾವಿಸಿದರೆ, ಹೆಕ್ಟೇರ್ ಎಂದರೆ 10,000 ಚದರ ಮೀಟರ್ ಆದ್ದರಿಂದ ಈ ಲಾನ್‌ಗೆ ಬೇಕಾದದ್ದು 70 ಮಿಲಿಲೀಟರ್ ಮಾತ್ರ. 16 ಲೀಟರಿನ ಒಂದೇ ಪಂಪಿನಲ್ಲಿ 14 ಲೀಟರ್ ನೀರಿಗೆ ಅದನ್ನು ಬೆರೆಸಿದರೆ ಕೆಲಸ ಮುಗಿಯಿತು. ಇದೇ ಜಾಗದಲ್ಲಿ ಪಂಪಿಗೆ ನೂರು ಮಿಲಿ ಎಂದು ಹಾಕಿಕೊಂಡು ನಿಧಾನವಾಗಿ ಎರಡು ಪಂಪು ಖಾಲಿ ಮಾಡಿದವನು ಹಾಕಿದ್ದು 200 ಮಿಲಿ, ಹೆಚ್ಚುಕಡಿಮೆ ಮೂರರಷ್ಟು. ಕಳೆಯ ಜೊತೆ ಹುಲ್ಲೂ ಸುಟ್ಟಾಗ ಅವನು ಕಂಪನಿಯನ್ನು ಬೈಯುತ್ತಾನೆ.

ಈ ಪರೀಕ್ಷೆಯನ್ನು ಪ್ರತಿ ಮಾಲಿಗೂ ಬೇರೆಯಾಗಿ, ನಾಝಲ್ ಬದಲಾದಾಗಲೆಲ್ಲ ಹೊಸದಾಗಿ ಮಾಡಬೇಕು. ಸವೆದ ನಾಝಲ್‌ನಿಂದ ಒಂದು ನಿಮಿಷಕ್ಕೆ ಬೀಳುವ ನೀರು ಹೊಸದಕ್ಕಿಂತ ಹತ್ತನೆಯ ಒಂದು ಪಾಲು ಹೆಚ್ಚಾದರೆ ಅದನ್ನು ಎಸೆಯಿರಿ. ಕಳೆನಾಶಕಕ್ಕೆ ದೊಡ್ಡ ಹನಿ ಬೀಳಿಸುವ ಚಪ್ಪಟೆ ನಾಝಲ್ ಮತ್ತು ಕಡಿಮೆ ಒತ್ತಡ ಸರಿ. ಮಂಜಿನಂತೆ ಹಾರುವ ಸಣ್ಣ ಹನಿ ಪಕ್ಕದ ಬೇಲಿಗಿಡವನ್ನೋ ಮೊದಲ ಮಹಡಿಯ ಕುಂಡದ ಟೊಮೆಟೊವನ್ನೋ ಸುಡುತ್ತದೆ. ಅಗಲ ಎಲೆಯ ಕಳೆಗೆ ಬಳಸುವ 2,4-ಡಿ ಕಳೆನಾಶಕದ ಎಸ್ಟರ್ ರೂಪ ಬಿಸಿಲಿಗೆ ಆವಿಯಾಗಿ ದೂರ ಹೋಗುತ್ತದೆ, ಆದ್ದರಿಂದ ಬೇಸಿಗೆಯ ನಗರದಲ್ಲಿ ಅದು ಬೇಡ. ಅದು ಹುಲ್ಲನ್ನು ಉಳಿಸುತ್ತದೆ ಎಂಬ ಮಾತು ಎಲ್ಲ ಹುಲ್ಲಿಗೂ ಅನ್ವಯಿಸುವುದಿಲ್ಲ. ಅಗಲ ಎಲೆಯ ಸೇಂಟ್ ಅಗಸ್ಟೀನ್ ಜಾತಿಯ ಹುಲ್ಲು ಅದರಿಂದ ಹಾನಿಗೊಳ್ಳುತ್ತದೆ. ಕಳೆನಾಶಕದ ಪಂಪನ್ನು ಬೇರೆ ಯಾವ ಕೆಲಸಕ್ಕೂ ಬಳಸಬಾರದು, ದೂರದಿಂದಲೇ ಗುರುತಾಗುವಂತೆ ಅದಕ್ಕೆ ಬಣ್ಣ ಬಳಿಯಬೇಕು. ಅಲ್ಲಲ್ಲಿ ಮಾತ್ರ ಕಳೆ ಇದ್ದರೆ ಪಂಪೇ ಬೇಕಿಲ್ಲ, ಕೈಗವಸು ಹಾಕಿಕೊಂಡು ಕುಂಚದಿಂದ ಎಲೆಗೆ ಸವರಿದರೆ ಸಾಕು.

ಬೆರೆಸುವ ನೀರಿನ ಬಗ್ಗೆಯೂ ಎರಡು ಮಾತು. ಗಡಸಾದ ಕೊಳವೆಬಾವಿಯ ನೀರಿನ ಸುಣ್ಣದಂಶ 2,4-ಡಿಯ ಅಮೈನ್ ರೂಪ ಮತ್ತು ಗ್ಲೈಫೋಸೇಟ್ ಎರಡನ್ನೂ ಹಿಡಿದಿಟ್ಟು ಮಂಕಾಗಿಸುತ್ತದೆ. ಫಲ ಕಾಣಲಿಲ್ಲವೆಂದು ಮುಂದಿನ ಸಲ ಪ್ರಮಾಣ ಏರಿಸುವವರು ನೀರನ್ನು ಬದಲಾಯಿಸಿ ನೋಡುವುದಿಲ್ಲ. ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಯಾವ ಔಷಧಿಯನ್ನೂ ಬೆರೆಸಬೇಡಿ.

ದಿನ, ಹೊತ್ತು, ಗಾಳಿ, ಚರಂಡಿ

ಪುಸ್ತಕಗಳು ಮುಂಜಾನೆ ಸಿಂಪಡಿಸಿ ಎನ್ನುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಮುಂಜಾನೆ ಎಂದರೆ ವಾಕಿಂಗ್ ಹೊತ್ತು. ಸಂಜೆ ಮಕ್ಕಳದ್ದು. ಶಾಲೆಯಿರುವ ವಾರದ ದಿನ, ನಡೆಯುವವರು ಮನೆಗೆ ಹೋದ ಮೇಲೆ, ಗಾಳಿ ಏಳುವ ಮೊದಲು ಸಿಗುವ ಒಂದೆರಡು ಗಂಟೆಗಳೇ ಪ್ರಾಯೋಗಿಕವಾದ ಸಮಯ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನಲ್ಲಿ ಪಡುವಣ ಗಾಳಿ ಜೋರು. ಸಣ್ಣ ಕೊಂಬೆಗಳು ಅಲುಗುತ್ತಿದ್ದರೆ ಆ ದಿನ ಬೇಡ. ಗಾಳಿಯೇ ಇಲ್ಲದ ಚಳಿಗಾಲದ ಮಂಜಿನ ಬೆಳಗೂ ಅಷ್ಟೇ ಕೆಟ್ಟದ್ದು, ಏಕೆಂದರೆ ಆಗ ತಣ್ಣನೆಯ ಗಾಳಿ ನೆಲಮಟ್ಟದಲ್ಲೇ ನಿಂತು ಸಣ್ಣ ಹನಿಗಳು ಕೆಳಗಿಳಿಯದೆ ತೇಲಿ ಕಿಟಕಿಗಳ ಕಡೆಗೆ ಸರಿಯುತ್ತವೆ. ಎಲೆಗಳು ಮೆಲ್ಲಗೆ ಆಡುವಷ್ಟು ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿರುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಯನ್ನೂ, ಅಕ್ಟೋಬರಿನ ಹಿಂಗಾರನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮಳೆಯ ಚಿಂತೆ ಔಷಧಿ ತೊಳೆದುಹೋದೀತೆಂಬ ಲುಕ್ಸಾನಿನದು ಮಾತ್ರವೆಂದು ತಿಳಿಯಬಾರದು. ತೊಳೆದುಹೋದದ್ದು ರಾಜಕಾಲುವೆ ಸೇರಿ ಕೆರೆಗೆ ಹೋಗುತ್ತದೆ. ಮಳೆನೀರು ಕೊಯ್ಲು ಕಡ್ಡಾಯವಾದ ಈ ನಗರದಲ್ಲಿ ಲಾನ್‌ನ ಅಂಚಿನಲ್ಲೇ ಇಂಗುಬಾವಿಗಳಿರುವುದು ಸಾಮಾನ್ಯ, ಕೆಲವು ಕಡೆ ಕಾಂಕ್ರೀಟ್ ಮೇಲಿನ ಲಾನ್‌ನ ಬಸಿನೀರಿನ ಕೊಳವೆಯೇ ಮಳೆನೀರಿನ ತೊಟ್ಟಿಗೆ ಸೇರಿಕೊಂಡಿರುತ್ತದೆ. ಹೊಸ ಗುತ್ತಿಗೆ ಹಿಡಿದ ಮೊದಲ ವಾರ ಸಮುಚ್ಚಯದ ಪ್ಲಂಬರ್‌ನನ್ನು ಜೊತೆಗಿಟ್ಟುಕೊಂಡು ಯಾವ ನೀರು ಎಲ್ಲಿಗೆ ಹೋಗುತ್ತದೆಂದು ಒಂದು ನಕ್ಷೆ ಬರೆದುಕೊಳ್ಳಿ. ಇಂಗುಬಾವಿ, ಸಂಪು, ಮೀನಿನ ಕೊಳ, ಈಜುಕೊಳಗಳ ಸುತ್ತ ಕೆಲವು ಮೀಟರ್ ಜಾಗವನ್ನು ಯಾವತ್ತೂ ಸಿಂಪಡಿಸದ ಪಟ್ಟಿಯೆಂದು ಗುರುತಿಸಿ, ಅಲ್ಲಿಯ ಕಳೆಯನ್ನು ಕೈಯಿಂದಲೇ ತೆಗೆಸಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲೂ ಮೀನುಗಳನ್ನು ಕೊಲ್ಲುತ್ತವೆ.

ಹುಲ್ಲು ಕತ್ತರಿಸುವುದಕ್ಕೂ ಸಿಂಪಡಣೆಗೂ ಇರುವ ಹೊಂದಾಣಿಕೆ ಎರಡು ಬಗೆಯದು. ಕಳೆನಾಶಕವನ್ನು ಎಲೆ ಹೀರಬೇಕಾದ್ದರಿಂದ ಎರಡು ದಿನ ಮುಂಚೆಯೂ ಎರಡು ದಿನ ನಂತರವೂ ಕತ್ತರಿಸಬಾರದು. ಕೀಟನಾಶಕಕ್ಕೆ ಇದು ತಿರುವುಮುರುವು: ಲಾನ್ ಕಳೆಗಳ ಸಣ್ಣ ಹೂಗಳಿಗೆ ಜೇನುನೊಣಗಳು ಬರುವುದರಿಂದ ಮೊದಲು ಕತ್ತರಿಸಿ ಹೂವು ತೆಗೆದು ಆಮೇಲೆ ಸಿಂಪಡಿಸಬೇಕು. ಯಾವುದೇ ಸಿಂಪಡಣೆಯ ನಂತರ ಕತ್ತರಿಸಿದ ಹುಲ್ಲನ್ನು ದನಗಳಿಗೂ ಗೊಬ್ಬರದ ಗುಂಡಿಗೂ ಕೊಡದೆ, ಲಾನ್ ಮೇಲೆಯೇ ಉದುರಿಸಿ ಬಿಡಿ.

ಎರಡು ದಿನ ಮೊದಲೇ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾವ ಜಾಗ, ಯಾವ ವಸ್ತು, ಯಾವ ಹೊತ್ತು ಎಂದು ತಿಳಿಸಿ. ಫಲಕವನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ, ಓದಲು ಬಾರದವರಿಗಾಗಿ ಚಿತ್ರದೊಂದಿಗೂ ಇಡಿ, ಏಕೆಂದರೆ ಮಕ್ಕಳನ್ನು ಆಡಿಸಲು ಕರೆತರುವವರು ಬಹಳ ಸಲ ಆ ಗುಂಪಿನಲ್ಲಿ ಇರುವುದಿಲ್ಲ. ಲೇಬಲ್‌ನಲ್ಲಿ ಹೆಚ್ಚಿನ ಅವಧಿ ಹೇಳಿರದಿದ್ದರೂ ಹಗ್ಗ ಕಟ್ಟಿ ಒಂದಿಡೀ ದಿನ ಯಾರನ್ನೂ ಬಿಡದಿರುವುದು ಮೇಲು. ಕಳೆ ಕೀಳುವವರಿಗೆ ಅದಕ್ಕಿಂತ ಹೆಚ್ಚಿನ ಅಂತರ ಕೊಡಿ. ಗಣೇಶ ಚೌತಿಗೆ ಮುಂಚಿನ ವಾರಗಳಲ್ಲಿ ಗರಿಕೆಯ ಲಾನ್‌ಗೆ ಏನನ್ನೂ ಹೊಡೆಯಬೇಡಿ.

ಪಂಪು ಹೊತ್ತವರ ಮೈ

ವಿಷ ಹೆಚ್ಚಾಗಿ ಒಳಹೋಗುವುದು ಚರ್ಮದ ಮೂಲಕ, ಅದರಲ್ಲೂ ಗಟ್ಟಿ ಔಷಧಿಯನ್ನು ಅಳೆಯುವ ಕ್ಷಣದಲ್ಲಿ. ಮೂಗಿಗೆ ಕರವಸ್ತ್ರ ಕಟ್ಟಿ ಬರಿಗೈಯಲ್ಲಿ ಮುಚ್ಚಳ ತಿರುಗಿಸುವ ಮಾಲಿ ತಾನು ಸುರಕ್ಷಿತ ಎಂದುಕೊಂಡಿರುತ್ತಾನೆ. ನೈಟ್ರೈಲ್ ಕೈಗವಸು, ಗಂಬೂಟು, ಉದ್ದ ತೋಳಿನ ಅಂಗಿ, ಪ್ಯಾಂಟು, ಕನ್ನಡಕ, ಲೇಬಲ್ ಹೇಳುವ ಮುಖಗವಸು ಇವಿಷ್ಟನ್ನು ಗುತ್ತಿಗೆದಾರನೇ ಕೊಡಿಸಬೇಕು. ರಕ್ಷಣಾ ಉಡುಪು, ತರಬೇತಿ ಮತ್ತು ವೈದ್ಯಕೀಯ ತಪಾಸಣೆಯ ಹೊಣೆಯನ್ನು 1971ರ ನಿಯಮಗಳು ಕೆಲಸ ಕೊಡುವವರ ಮೇಲೆ ಹೊರಿಸಿವೆ. ಪ್ಯಾಂಟು ಬೂಟಿನ ಹೊರಗಿರಬೇಕು, ಇಲ್ಲದಿದ್ದರೆ ಇಳಿದ ದ್ರವ ಬೂಟಿನೊಳಗೆ ತುಂಬುತ್ತದೆ. ಸೋರುವ ಪಂಪನ್ನು ಬಟ್ಟೆ ಸುತ್ತಿ ಬಳಸುವಂತಿಲ್ಲ. ಕಟ್ಟಿಕೊಂಡ ನಾಝಲ್‌ಗೆ ಬಾಯಿ ಹಾಕಿ ಊದುವುದನ್ನು ಕಂಡರೆ ಕೆಲಸವನ್ನೇ ನಿಲ್ಲಿಸಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಸಿಂಪಡಿಸುತ್ತಿದ್ದವರು ವಿಷ ತಗಲಿ ಸತ್ತ ಪ್ರಕರಣಗಳು ಇನ್ನೂ ಹಳೆಯದಾಗಿಲ್ಲ.

ತಲೆಸುತ್ತು, ವಾಂತಿ, ಅತಿಯಾದ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಬಿಸಿಲಿನ ಆಯಾಸ ಎಂದು ಕೂರಿಸಬೇಡಿ. ಬಟ್ಟೆ ಬಿಚ್ಚಿಸಿ, ಸೋಪು ನೀರಿನಲ್ಲಿ ಮೈ ತೊಳೆಸಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಸಿ. ವೈದ್ಯರು ಹೇಳದೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗುವಾಗ ಲೇಬಲ್ ಅನ್ನು ತಪ್ಪದೆ ಒಯ್ಯಿರಿ, ಏಕೆಂದರೆ ಒಂದು ಗುಂಪಿನ ವಿಷಕ್ಕೆ ಕೊಡುವ ಚಿಕಿತ್ಸೆ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಉಳಿದದ್ದು, ಖಾಲಿಯಾದದ್ದು, ಬರೆದಿಟ್ಟದ್ದು

ನೆಲದ ಲೆಕ್ಕ ಸರಿಯಾಗಿದ್ದರೆ ಪಂಪಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಉಳಿದ ಸ್ವಲ್ಪವನ್ನು ನೀರು ಬೆರೆಸಿ ತೆಳುಮಾಡಿ, ಸಿಂಪಡಿಸಿದ ಜಾಗದಲ್ಲೇ ತೆಳುವಾಗಿದ್ದ ಕಡೆಗೆ ಹೊಡೆಯಿರಿ. ಚರಂಡಿಗೆ, ಶೌಚಾಲಯಕ್ಕೆ ಸುರಿಯಬೇಡಿ, ಅದು ಸಂಸ್ಕರಣಾ ಘಟಕದ ಸೂಕ್ಷ್ಮಜೀವಿಗಳನ್ನೂ ಕೊಲ್ಲಬಹುದು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಬೆರೆಸುವಾಗಲೇ ಪಂಪಿಗೆ ಹಾಕಿ, ಆಮೇಲೆ ತೂತು ಮಾಡಿ. ತೂತು ಮಾಡದ ಡಬ್ಬಿ ಗುಜರಿಗೆ ಹೋಗುತ್ತದೆ, ಅಲ್ಲಿಂದ ಯಾರದೋ ಮನೆಯ ಎಣ್ಣೆಯ ಕ್ಯಾನ್ ಆಗುತ್ತದೆ. ತೂತಾದವನ್ನು ಕೂಡಿಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ಅಪಾಯಕಾರಿ ತ್ಯಾಜ್ಯ ನಿರ್ವಾಹಕರಿಗೆ ಕೊಡಿ. ಔಷಧಿಯನ್ನು ಮೂಲ ಡಬ್ಬಿಯಿಂದ ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಎಂದೂ ಸುರಿಯಬೇಡಿ. ಬೀಗ ಹಾಕಿದ ಕಪಾಟು ಇಲ್ಲದ ಆವರಣದಲ್ಲಿ ದಾಸ್ತಾನನ್ನೇ ಇಡಬಾರದು.

ಪ್ರತಿ ಸಿಂಪಡಣೆಗೂ ಒಂದು ಪುಟ ಬರೆಯಿರಿ: ದಿನಾಂಕ, ಹೊತ್ತು, ಜಾಗದ ಅಳತೆ, ಕಂಡ ಕಳೆ ಅಥವಾ ಕೀಟ, ಎಣಿಕೆ, ವಸ್ತುವಿನ ಹೆಸರು, ಬ್ಯಾಚ್, ಪ್ರಮಾಣ, ಗಾಳಿ, ಹೊಡೆದವರ ಹೆಸರು, ಎರಡು ವಾರದ ನಂತರ ಕಂಡ ಫಲ. ಕೊನೆಯ ಅಂಕಣವನ್ನು ತುಂಬುವವರು ಕಡಿಮೆ, ಆದರೆ ಮುಂದಿನ ವರ್ಷ ಬೇಕಾಗುವುದು ಅದೇ. ಒಂದೇ ಗುಂಪಿನ ವಸ್ತುವನ್ನು ಸಲಸಲಕ್ಕೂ ಬಳಸುತ್ತಿದ್ದೀರಾ ಎಂಬುದೂ ಆ ಪುಟಗಳಲ್ಲೇ ಗೊತ್ತಾಗುತ್ತದೆ.

ಇವೆಲ್ಲ ನಡೆಯಬೇಕಾದರೆ ವಾರ್ಷಿಕ ಗುತ್ತಿಗೆಯ ಬರವಣಿಗೆ ಬದಲಾಗಬೇಕು. ಕಳೆರಹಿತ ಲಾನ್ ಎಂಬ ಭರವಸೆ ಬರೆದುಕೊಟ್ಟವರು ತಿಂಗಳಿಗೊಮ್ಮೆ ಪಂಪು ಹೊರದೆ ಬೇರೆ ದಾರಿಯಿಲ್ಲ. ಅದರ ಬದಲು ನೂರು ಚದರ ಮೀಟರಿನಲ್ಲಿ ಎಷ್ಟು ಕಳೆ ಕಂಡರೆ ಯಾವ ಕ್ರಮ, ತಿಂಗಳಿಗೆ ಎಷ್ಟು ತಪಾಸಣೆ, ಕೈಯಿಂದ ಕೀಳುವ ಕೂಲಿ ಎಷ್ಟು, ಸಿಂಪಡಿಸಬೇಕಾದರೆ ಸಂಘದ ಲಿಖಿತ ಒಪ್ಪಿಗೆ ಎಂದು ಬರೆಯಿರಿ. ಕೈಗಳೆಯ ಕೂಲಿಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿದಾಗ ಕೆಲವು ಸಂಘಗಳು ಚೌಕಾಶಿಗೆ ಇಳಿಯುತ್ತವೆ. ಆಗ ಒಪ್ಪಂದದ ಜೊತೆಗೆ ಆ ಆವರಣದ ಇಂಗುಬಾವಿಗಳ ನಕ್ಷೆಯನ್ನೂ ಮೇಜಿನ ಮೇಲೆ ಇಟ್ಟು ಮಾತಾಡಿ.